ನಡೆಯೂ ನಡತೆಯೂ

ಅರವತ್ತೈದು ದಾಟಿದ, ಮೈ ಕೊಂಚ ಹೆಚ್ಚಾಗಿ ಬೆಳೆದ ಗೃಹಸ್ಥರೊಬ್ಬರು ವೈದ್ಯರಲ್ಲಿಗೆ ಹೋಗಿ ಬಂದರೆಂದರೆ ಅವರ ಚೀಟಿಯ ಕೊನೆಯಲ್ಲಿ ಏನಿರುತ್ತದೆಂದು ನೋಡದೆಯೇ ಹೇಳಬಹುದು. ಮೇಲೆ ಮೂರು ಮಾತ್ರೆಗಳ ಹೆಸರು. ಕೆಳಗೆ, ದಿನವೂ ಅರ್ಧ ಗಂಟೆ ನಡೆಯಬೇಕು, ತೂಕ ಇಳಿಸಬೇಕು ಎಂಬ ಒಕ್ಕಣೆ. ಮಾತ್ರೆಯನ್ನು ಅಂಗಡಿಯಿಂದ ತರಬಹುದು. ಕೊನೆಯ ಸಾಲಿನ ಔಷಧ ಯಾವ ಅಂಗಡಿಯಲ್ಲೂ ಸಿಗದು. ರೋಗಿ ಅದನ್ನು ತಾನೇ ತಯಾರಿಸಿಕೊಳ್ಳಬೇಕು, ಅದೂ ದಿನದಿನವೂ.

ಮಾತ್ರೆ ನುಂಗಿಯೂ ಗುಣವಾಗದಿದ್ದರೆ ನಾವು ಮಾತ್ರೆಯನ್ನು ದೂರುತ್ತೇವೆ. ನಡೆಯೆಂದು ಹೇಳಿದ ಮೇಲೂ ಮೈ ಇಳಿಯದಿದ್ದರೆ ಮನುಷ್ಯನನ್ನೇ ದೂರುತ್ತೇವೆ. ಸೋಮಾರಿ, ನಾಲಗೆಯ ಚಪಲ, ಮನಸ್ಸಿನಲ್ಲಿ ಗಟ್ಟಿತನವಿಲ್ಲ ಎಂದು ದೇಹದ ಲೆಕ್ಕವನ್ನೆಲ್ಲ ಶೀಲದ ಖಾತೆಗೆ ಬರೆಯುತ್ತೇವೆ. ನಡೆ, ನಡತೆ ಎರಡೂ ಒಂದೇ ಮೂಲದಿಂದ ಹುಟ್ಟಿರುವ ನಮ್ಮ ನುಡಿಯಲ್ಲಂತೂ ಒಂದರಿಂದ ಇನ್ನೊಂದಕ್ಕೆ ಜಾರುವುದು ಬಹಳ ಸುಲಭ. ಹಾಗಾದರೆ ವ್ಯಾಯಾಮವನ್ನು ವಿಧಿಸುವುದು ಚಿಕಿತ್ಸೆಯೆ, ತೀರ್ಪೆ?

ಈ ತೊಡಕು ಹೊಸದೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಟು ಬಗೆಯ ನಿಂದಿತರನ್ನು ಹೇಳುವ ಅಧ್ಯಾಯವೊಂದುಂಟು. ಅತಿಸ್ಥೂಲನು ಅವರಲ್ಲೊಬ್ಬ. ಹೆಸರಿನಲ್ಲೇ ನಿಂದೆ ಸೇರಿಹೋಗಿದೆ. ಆದರೆ ಕಾರಣಗಳನ್ನು ಎಣಿಸುವಾಗ ಅದೇ ಗ್ರಂಥವು ಅತಿಯಾದ ಊಟ, ವ್ಯಾಯಾಮದ ಅಭಾವ, ಹಗಲುನಿದ್ದೆಗಳ ಜೊತೆಗೆ ಬೀಜಸ್ವಭಾವವನ್ನೂ, ಎಂದರೆ ತಾಯಿತಂದೆಯರಿಂದ ಬಂದದ್ದನ್ನೂ, ಸೇರಿಸುತ್ತದೆ. ಸುಶ್ರುತವು ವ್ಯಾಯಾಮಕ್ಕೊಂದು ಮೇರೆ ಹಾಕಿ, ತನ್ನ ಬಲದ ಅರ್ಧದಷ್ಟನ್ನು ಮಾತ್ರ ಬಳಸಬೇಕು, ವಯಸ್ಸು, ಶರೀರ, ದೇಶ, ಕಾಲ, ಆಹಾರಗಳನ್ನು ನೋಡಿಕೊಂಡು ಮಾಡಬೇಕು ಎನ್ನುತ್ತದೆ. ಆ ಬಲ ಮಾಡುವವನ ಬಲ, ಹೇಳುವವನದಲ್ಲ ಎಂಬುದನ್ನು ನೆನಪಿಡಬೇಕು.

ದೇಹಶ್ರಮದ ಪ್ರಯೋಜನವನ್ನು ಹೊಸ ಕಾಲದಲ್ಲಿ ಎತ್ತಿ ತೋರಿಸಿದವರಲ್ಲಿ ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್ ಮುಖ್ಯರು. ಎರಡಂತಸ್ತಿನ ಬಸ್ಸುಗಳಲ್ಲಿ ಇಡೀ ದಿನ ಕುಳಿತೇ ಇರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ಟು ಕೊಡುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯೆಂದು ಅವರೂ ಅವರ ಸಂಗಡಿಗರೂ 1953ರಲ್ಲಿ ಪ್ರಕಟಿಸಿದರು. ಚಾಲಕರ ಸಮವಸ್ತ್ರಗಳ ಸೊಂಟದಳತೆಯೇ ಹೆಚ್ಚೆಂದು 1956ರಲ್ಲಿ ಅವರೇ ತೋರಿಸಿದಾಗ, ಕೆಲಸವು ಮೈಯನ್ನು ಮಾಡಿತೋ ಮೈಯೇ ಕೆಲಸವನ್ನು ಆರಿಸಿಕೊಂಡಿತೋ ಎಂಬ ಪ್ರಶ್ನೆಯೂ ಎದ್ದಿತು. ಅದೇನೇ ಇರಲಿ, ಆ ಕಂಡಕ್ಟರುಗಳು ಆರೋಗ್ಯದ ವ್ರತ ತೊಟ್ಟು ಮೆಟ್ಟಿಲು ಹತ್ತಿದವರಲ್ಲ, ಸಂಬಳಕ್ಕಾಗಿ ಹತ್ತಿದವರು. ನಮ್ಮ ಅಜ್ಜಿಯರು ಬಾವಿ ಸೇದಿದ್ದೂ ಒರಳಿನಲ್ಲಿ ರುಬ್ಬಿದ್ದೂ ಹಾಗೆಯೇ. ನಲ್ಲಿ ಬಂದು, ಮಿಕ್ಸಿ ಬಂದು ಆ ದುಡಿಮೆ ತಪ್ಪಿತು. ತಪ್ಪಿದ್ದು ಒಳ್ಳೆಯದೇ ಆಯಿತು. ಆದರೆ ಅಂದು ಬದುಕೇ ಮಾಡಿಸುತ್ತಿದ್ದುದನ್ನು ಇಂದು ಒಬ್ಬೊಬ್ಬರ ಮನೋಬಲವೇ ಮಾಡಿಸಬೇಕಾಗಿದೆ. ಮಾಡಲಾಗದವರನ್ನು ಅಜ್ಜಿಯರ ಜೊತೆ ತೂಗಿ ನೋಡುವುದು ನ್ಯಾಯವಲ್ಲ.

ಅಷ್ಟಕ್ಕೂ ವೃದ್ಧಾಪ್ಯದಲ್ಲಿ ತಕ್ಕಡಿಯೇ ನ್ಯಾಯಾಧೀಶನಾಗಬೇಕೆ? ಅಮೆರಿಕದಲ್ಲಿ 65 ದಾಟಿದ 107 ಮಂದಿ ಸ್ಥೂಲಕಾಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಬರೀ ವ್ಯಾಯಾಮ ಮಾಡಿದವರ ತೂಕ ಹೆಚ್ಚೇನೂ ಇಳಿಯಲಿಲ್ಲ. ಆದರೂ ಅವರ ಓಡಾಟದ ಶಕ್ತಿ ಹೆಚ್ಚಿತು. ಬರೀ ಪಥ್ಯ ಮಾಡಿದವರು ತೂಕದೊಡನೆ ಮಾಂಸಖಂಡವನ್ನೂ ಮೂಳೆಯ ಸಾಂದ್ರತೆಯನ್ನೂ ಕಳೆದುಕೊಂಡರು. ಎರಡನ್ನೂ ಕೂಡಿಸಿ ಮಾಡಿದವರಿಗೆ ಹೆಚ್ಚಿನ ಲಾಭವಾಯಿತು. ಅದೇ ದೇಶದಲ್ಲಿ, ಕುಳಿತೇ ಕಾಲ ಕಳೆಯುತ್ತಿದ್ದ, 70ರಿಂದ 89 ವಯಸ್ಸಿನ 1,635 ಮಂದಿಯ ಇನ್ನೊಂದು ಪ್ರಯೋಗದ ಫಲ 2014ರಲ್ಲಿ ಹೊರಬಂದಿತು. ಎರಡೂವರೆ ವರ್ಷಕ್ಕೂ ಮಿಕ್ಕಿದ ಅವಧಿಯಲ್ಲಿ 400 ಮೀಟರು ನಡೆಯುವ ಶಕ್ತಿಯನ್ನು ಕಳೆದುಕೊಂಡವರು, ಆರೋಗ್ಯದ ಪಾಠ ಮಾತ್ರ ಕೇಳಿದವರಲ್ಲಿ ನೂರಕ್ಕೆ ಸುಮಾರು 35. ನಡಿಗೆ ಮತ್ತು ವ್ಯಾಯಾಮ ಮಾಡಿದವರಲ್ಲಿ 30. ಲಾಭ ಅದ್ಭುತವಾದದ್ದೇನಲ್ಲ. ಆದರೆ 400 ಮೀಟರೆಂದರೆ ಬೀದಿ ಕೊನೆಯ ಅಂಗಡಿಗೆ ಹೋಗಿ ಬರುವ ದಾರಿ. ಅದನ್ನು ಕಳೆದುಕೊಂಡವರಿಗೇ ಗೊತ್ತು ಅದರ ಬೆಲೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ವೃದ್ಧರಿಗೆ ಚೀಟಿ ಬರೆದುಕೊಟ್ಟು ಮನೆಗೆ ಕಳಿಸಿಬಿಡಲಿಲ್ಲ; ವಾರಕ್ಕೆರಡು ಸಲ ಕರೆಸಿಕೊಂಡು, ಬಳಿಯಲ್ಲಿ ನಿಂತು ಮಾಡಿಸಿದರು.

ಇಷ್ಟೆಲ್ಲ ಹೇಳಿದ ಮೇಲೂ ಹಿರಿಯರೊಬ್ಬರು, “ನಲವತ್ತು ವರ್ಷ ದುಡಿದಿದ್ದೇನಪ್ಪ, ಇನ್ನು ನನ್ನ ಪಾಡಿಗೆ ನನ್ನನ್ನು ಬಿಡಿ” ಎಂದರೆ? ಆ ಮಾತನ್ನು ಸೋಮಾರಿತನವೆಂದು ತಳ್ಳಿಹಾಕಲಾಗದು. “ಬಿದ್ದರೆ ನಿಮ್ಮನ್ನು ನೋಡಿಕೊಳ್ಳುವವರು ಯಾರು?” ಎಂದು ಮಕ್ಕಳು ಕೇಳುವುದುಂಟು. ಆ ಪ್ರಶ್ನೆಯಲ್ಲಿ ಸತ್ಯವಿದೆ. ಆದರೆ ಅದು ಹಿರಿಯರನ್ನು ಹೊರೆಯೆಂದು ಎಣಿಸಿ ಕೇಳುವ ಪ್ರಶ್ನೆ. ನನಗೆ ತೋರುವ ಉತ್ತರ ಬೇರೆ. ಕುರ್ಚಿಯಿಂದ ತಾನೇ ಏಳುವುದು, ತಾನೇ ಸ್ನಾನ ಮಾಡಿಕೊಳ್ಳುವುದು, ಮನಸ್ಸು ಬಂದಾಗ ಗೆಳೆಯನ ಮನೆಗೆ ಹೋಗಿ ಬರುವುದು, ಇವುಗಳನ್ನೇ ನಡಿಗೆ ಕಾಪಾಡುವುದು. ಅದರ ಫಲ ಸ್ವಾತಂತ್ರ್ಯ. ಗದರಿಸಿ, ನಾಚಿಸಿ, ಮನೆಮಂದಿಯ ಮುಂದೆ ತೂಕ ನೋಡಿ ಆ ಸ್ವಾತಂತ್ರ್ಯವನ್ನು ಕೊಡಲು ಹೊರಟರೆ, ಕೊಡಬೇಕಾದದ್ದನ್ನೇ ಕಿತ್ತುಕೊಂಡಂತೆ. ತಿಳಿಯಹೇಳಿದ ಮೇಲೂ ಒಲ್ಲೆನೆಂದವರ ಮಾತನ್ನು ಮನ್ನಿಸಲೇಬೇಕು.

ಆದರೆ ಒಲ್ಲೆನೆನ್ನುವವರೆಲ್ಲ ನಿಜವಾಗಿ ಒಲ್ಲದವರೇ ಎಂಬುದನ್ನು ಮೊದಲು ವಿಚಾರಿಸಬೇಕು. ಬೆಳಗ್ಗೆ ಆರಕ್ಕೆ ನಡೆಯಿರಿ ಎಂದು ಹೇಳಿಸಿಕೊಂಡ ಅಜ್ಜಿ, ಆರಕ್ಕೆ ಎಲ್ಲರ ಕಾಫಿಗೆ ನೀರಿಟ್ಟು ಮೊಮ್ಮಗನ ಡಬ್ಬಿಗೆ ಚಿತ್ರಾನ್ನ ಕಲಸುತ್ತಿರುತ್ತಾಳೆ. ಹೊರಗೆ ಬಂದರೆ ಫುಟ್‌ಪಾತಿನ ಚಪ್ಪಡಿ ಎದ್ದಿರುತ್ತದೆ, ಅದರ ಮೇಲೆ ಸ್ಕೂಟರು ನಿಂತಿರುತ್ತದೆ. ಮೊಣಕಾಲಿನ ನೋವು ಬೇರೆ. ಹೀಗಿರುವಾಗ ನಡೆಯೆಂದು ಹೇಳುವವನ ಮೇಲೆ ಋಣವೊಂದು ಬೀಳುತ್ತದೆ. ನೋವಿಗೆ ತಕ್ಕ ವ್ಯಾಯಾಮವನ್ನು, ಕುರ್ಚಿಯಲ್ಲಿ ಕುಳಿತು ಮಾಡುವಂಥದಾದರೂ ಸರಿ, ಹೇಳಿಕೊಡುವುದು ವೈದ್ಯರ ಪಾಲು. ಚಪ್ಪಡಿ ಹಾಸುವುದು ನಗರಪಾಲಿಕೆಯ ಪಾಲು. ಆರು ಗಂಟೆಯ ಕಾಫಿ ಮಗನ ಪಾಲು. ಈ ಪಾಲುಗಳು ಸಂದ ಮೇಲೆ, ನಡೆಯುವುದು ಬಿಡುವುದು ಅಜ್ಜಿಗೆ ಸೇರಿದ್ದು. ಅಲ್ಲಿಯವರೆಗೆ ಅವಳ ನಡತೆಯ ವಿಚಾರ ಎತ್ತುವ ಅಧಿಕಾರ ನಮಗಿಲ್ಲ.