ಆಣೆ ಕೇಳದ ಸಭೆ

ಕುಡಿತ ಬಿಡಿಸಲು ನಮ್ಮ ಮನೆಗಳಲ್ಲಿ ಮೊದಲು ಮಾಡಿಸುವುದು ಆಣೆ. ಮಗುವಿನ ತಲೆ ಮುಟ್ಟಿಸುತ್ತಾರೆ, ಮನೆದೇವರ ಮುಂದೆ ಕರ್ಪೂರ ಹಚ್ಚಿ ನಿಲ್ಲಿಸುತ್ತಾರೆ. ಆ ಗಳಿಗೆಯಲ್ಲಿ ಆಣೆ ಮಾಡುವವನು ಸುಳ್ಳಾಡುತ್ತಿರುವುದಿಲ್ಲ. ‘ಇನ್ನು ಈ ಜನ್ಮದಲ್ಲಿ ಮುಟ್ಟಲ್ಲ’ ಅನ್ನುವಾಗ ಕಣ್ಣಲ್ಲಿ ಬರುವ ನೀರು ನಿಜವಾದದ್ದೇ. ಆದರೂ ಆಣೆ ಮುರಿಯುತ್ತದೆ. ಆಗ ಕುಡಿತದ ಜೊತೆಗೆ ದೇವರಿಗೆ ತಪ್ಪಿದೆ, ಮಗುವಿಗೆ ತಪ್ಪಿದೆ ಎಂಬ ಅಳುಕೂ ಸೇರುತ್ತದೆ. ಆ ಅಳುಕನ್ನು ಮರೆಯಲು ಅವನಿಗೆ ಗೊತ್ತಿರುವ ದಾರಿ ಒಂದೇ. ಆಣೆಯ ಮೇಲಿನ ನಂಬಿಕೆ ಮನೆಯವರದಷ್ಟೇ ಅಲ್ಲ. ಇಡೀ ರಾಜ್ಯದ ಪರವಾಗಿ ಆಣೆ ಮಾಡಿದಂತೆ 2007ರಲ್ಲಿ ಕರ್ನಾಟಕ ಸರ್ಕಾರ ಸಾರಾಯಿ ನಿಲ್ಲಿಸಿತು. ಪ್ಯಾಕೆಟ್ಟು ಹೋಯಿತು, ಕ್ವಾರ್ಟರ್ ಬಂತು.

ಕುಡಿತ ಬಿಡಬಯಸುವವರ ಕೂಟವಾದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರ ಬಾಯಲ್ಲಿ ‘ಎಎ’, ಯಾರಿಂದಲೂ ಆಣೆ ಕೇಳುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ. ಸದಸ್ಯನಾಗಲು ಬಿಡಬೇಕೆಂಬ ಆಸೆಯೊಂದಿದ್ದರಾಯಿತು, ಬಿಟ್ಟಿರಲೇಬೇಕೆಂದಿಲ್ಲ. ಶುಲ್ಕವಿಲ್ಲ, ಸದಸ್ಯರೇ ಕೈಲಾದಷ್ಟು ಹಾಕಿ ಖರ್ಚು ನೋಡಿಕೊಳ್ಳುತ್ತಾರೆ, ಹೊರಗಿನವರ ದೇಣಿಗೆ ಮುಟ್ಟುವುದಿಲ್ಲ.

ಇಷ್ಟು ಕಡಿಮೆ ಕೇಳುವ ಕಡೆ ಮನುಷ್ಯನನ್ನು ಹಿಡಿದು ನಿಲ್ಲಿಸುವುದಾದರೂ ಏನು? ಉತ್ತರದ ಜಾಡು ಎಎ ಹುಟ್ಟಿದ 1935ರ ಅಮೆರಿಕದಲ್ಲಿದೆ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತು. ಆ ದಿನಗಳಲ್ಲಿ ಕಂಡಕಂಡ ಕುಡುಕರಿಗೆಲ್ಲ ಬೋಧನೆ ಮಾಡಿದ್ದ. ಒಬ್ಬನೂ ಬಿಟ್ಟಿರಲಿಲ್ಲ, ಬೋಧಿಸಿದವನು ಮಾತ್ರ ಕುಡಿಯದೆ ಉಳಿದಿದ್ದ. ಮೇ ತಿಂಗಳಲ್ಲಿ ಓಹಾಯೋದ ಆಕ್ರನ್ ಊರಿಗೆ ವ್ಯವಹಾರಕ್ಕೆ ಹೋದ, ಅದು ಕೆಟ್ಟಿತು. ಹೋಟೆಲಿನ ಒಂದು ಕಡೆ ಬಾರು, ಇನ್ನೊಂದು ಕಡೆ ಚರ್ಚುಗಳ ಪಟ್ಟಿ ಮತ್ತು ಫೋನು. ಅವನು ಪಾದ್ರಿಯೊಬ್ಬರಿಗೆ ಫೋನು ಮಾಡಿ ಕೇಳಿದ್ದು ಸಮಾಧಾನವನ್ನಲ್ಲ, ಮಾತಾಡಲು ಇನ್ನೊಬ್ಬ ಕುಡುಕನನ್ನು. ಕೇಳಿ ಕೇಳಿ ಕೊನೆಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಕೈ ನಡುಗುವ ಸರ್ಜನ್. ಹದಿನೈದು ನಿಮಿಷಕ್ಕಿಂತ ಕೂರುವುದಿಲ್ಲ ಎಂದು ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಕಾರಣ, ಎದುರಿಗಿದ್ದವನು ಬುದ್ಧಿ ಹೇಳಲಿಲ್ಲ. ತನ್ನ ಕಥೆ ಹೇಳಿಕೊಂಡ. ಅಷ್ಟೇ ಅಲ್ಲ, ಹೇಳಿಕೊಳ್ಳುವುದು ಅವನಿಗೇ ಜರೂರಾಗಿತ್ತು.

ಉಪಕಾರದ ಬಗ್ಗೆ ನಾವು ಇಟ್ಟುಕೊಂಡಿರುವ ಲೆಕ್ಕವೇ ಇಲ್ಲಿ ತಿರುವುಮುರುವಾಗುತ್ತದೆ. ಸಾಮಾನ್ಯವಾಗಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಕುಡುಕನಂತೂ ವರ್ಷಗಟ್ಟಲೆ ಕೆಳಗಿನ ಕೈಯಾಗಿಯೇ ಬದುಕಿರುತ್ತಾನೆ: ಸಾಲ, ಕ್ಷಮೆ, ಅಣ್ಣನ ಉಪದೇಶ, ಭಾವನ ಉಪದೇಶ. (ನಮ್ಮಲ್ಲಿ ಮಳೆಗೆ ಬರ ಬಂದೀತು, ಬುದ್ಧಿವಾದಕ್ಕಲ್ಲ.) ಎಎ ಸಭೆಯಲ್ಲಿ ಹಾಗಲ್ಲ, ಒಬ್ಬ ಮಾತಾಡುವಾಗ ಉಳಿದವರು ನಡುವೆ ಬಾಯಿ ಹಾಕುವುದಿಲ್ಲ, ಸಲಹೆ ಕೊಡುವುದಿಲ್ಲ. ಮೊದಲ ದಿನ ಬಂದು ಮೂಲೆಯಲ್ಲಿ ತಲೆತಗ್ಗಿಸಿ ಕೂತವನೂ ಹತ್ತು ವರ್ಷದಿಂದ ಕುಡಿಯದವನಿಗೆ ಏನೋ ಕೊಡುತ್ತಿರುತ್ತಾನೆ. ಬರೀ ಕೂತು ಕೇಳುವುದರಿಂದಲೇ.

ಎಎ ತನ್ನ ಸದಸ್ಯರಿಗೆ ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು, ಕುಡಿತದ ಮುಂದೆ ನನ್ನ ಕೈ ನಡೆಯುವುದಿಲ್ಲ ಎಂದು ಒಪ್ಪಿಕೊಳ್ಳುವುದು. ‘ಮನಸ್ಸು ಗಟ್ಟಿ ಮಾಡ್ಕೊ’ ಎಂಬ ಮಾತನ್ನೇ ಕೇಳಿ ಬೆಳೆದ ನಮಗೆ ಇದು ಕೈಚೆಲ್ಲಿದಂತೆ ಕಾಣುತ್ತದೆ. ನನಗನ್ನಿಸುವುದು, ಆಣೆಯಲ್ಲೇ ಹೆಚ್ಚು ಅಹಂಕಾರವಿದೆ. ಇನ್ನೂ ಬಾರದ ಸಾವಿರಾರು ಸಂಜೆಗಳನ್ನು ಇವತ್ತೇ ಗೆದ್ದೆನೆನ್ನುವ ಅಹಂಕಾರ. ಡಾಕ್ಟರ್ ಬಾಬ್ ಕೂಡ ಆ ಮೊದಲ ಮಾತುಕತೆಯ ನಂತರ ಮತ್ತೊಮ್ಮೆ ಕುಡಿದು ಬಂದರು. ಆ ಬಳಿಕ ಒಂದು ಬೆಳಿಗ್ಗೆ ಅವರು ಆಪರೇಷನ್ ಮಾಡಬೇಕಿತ್ತು. ಕೈ ನಡುಕ ನಿಲ್ಲಲೆಂದು ಬಿಲ್ಲೇ ಅವರಿಗೊಂದು ಬಿಯರ್ ಕೊಟ್ಟ. ಅದೇ ಕೊನೆಯದು. ಎಎ ತನ್ನ ಹುಟ್ಟುಹಬ್ಬವನ್ನು ಎಣಿಸುವುದು ಆ ದಿನದಿಂದ, 1935ರ ಜೂನ್ 10ರಿಂದ.

ನಮ್ಮ ಊರುಗಳಲ್ಲಿ ಇಂಥ ಸಭೆ ಹುಡುಕುವುದಕ್ಕಿಂತ ಅದರ ಬಾಗಿಲು ದಾಟುವುದೇ ಕಷ್ಟ. ಚರ್ಚಿನ ಹಾಲಿನಲ್ಲೋ ಶಾಲೆಯ ಕೋಣೆಯಲ್ಲೋ ಸಂಜೆ ಸೇರುತ್ತಾರೆ. ಬಾರಿನಿಂದ ಹೊರಬರುವಾಗ ಅಂಜದವನು ಇಲ್ಲಿ ಒಳಹೋಗುವಾಗ ಯಾರಾದರೂ ನೋಡಿಯಾರೆಂದು ಆಚೀಚೆ ನೋಡುತ್ತಾನೆ. ಒಳಗೆ ಯಾವೂರು, ಯಾರ ಪೈಕಿ, ಏನು ಕೆಲಸ ಎಂದು ಯಾರೂ ಕೆದಕುವುದಿಲ್ಲ. ಕರೆಯಲೊಂದು ಹೆಸರಿದ್ದರೆ ಸಾಕು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳದ್ದು ಇದಕ್ಕೆ ಪೂರ್ತಿ ಬೇರೆ ರೀತಿ. ಅಲ್ಲಿ ಎಲ್ಲವೂ ಊರೆದುರಿಗೇ, ಭಜನೆ, ಮನೆಮಂದಿ, ದೇವರು ಎಲ್ಲ ಉಂಟು. ಆದರೆ ಶಿಬಿರ ಮುಗಿದ ಮೇಲೂ ಕುಡಿತ ಬಿಟ್ಟವರು ‘ನವಜೀವನ ಸಮಿತಿ’ ಎಂದು ಮತ್ತೆ ಸೇರುತ್ತಾರಲ್ಲ, ಅದು ನನಗೆ ಮುಖ್ಯ. ದೇವರ ಹೆಸರಲ್ಲಿ ಬಿಟ್ಟವನಿಗೂ ಬಿಟ್ಟ ಇನ್ನೊಬ್ಬ ಬೇಕು.

ವೈದ್ಯರನ್ನು ಬಿಟ್ಟು ಸಭೆಯನ್ನೇ ನೆಚ್ಚಬಾರದು. ವರ್ಷಗಟ್ಟಲೆ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೂ ಅಪಾಯ, ಮೊದಲು ಆಸ್ಪತ್ರೆ. ಹಾಗೆಂದು ಸಭೆ ಬರೀ ನಂಬಿಕೆಯ ಮಾತೂ ಅಲ್ಲ. ಜನರನ್ನು ಕ್ರಮವಾಗಿ ಎಎ ಕಡೆಗೆ ಒಯ್ಯುವ ಚಿಕಿತ್ಸೆ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಮುಂದಿದೆ ಎಂದು 2020ರ ಕಾಕ್ರೇನ್ ಪರಿಶೀಲನೆ ಕಂಡುಕೊಂಡಿತು.

ಇನ್ನು ಮನೆಯಲ್ಲಿ ಆಣೆ ಮಾಡಿಸಿದ ಹೆಣ್ಣಿನ ಮಾತು. ಬಿಲ್‌ನ ಹೆಂಡತಿ ಲೋಯಿಸ್ 1951ರಲ್ಲಿ ಮನೆಯವರಿಗೆಂದೇ ಅಲ್-ಅನಾನ್ ಕಟ್ಟಲು ಮುಂದಾದಳು. ಹೆಂಡತಿಯರು, ತಾಯಂದಿರು ಅಲ್ಲಿ ತಮ್ಮ ಕಥೆ ಹೇಳಿಕೊಳ್ಳುತ್ತಾರೆ, ಕುಡಿಯುವವನ ಕಥೆಯನ್ನಲ್ಲ. ಗಂಡ ಇನ್ನೂ ಕುಡಿಯುತ್ತಿದ್ದರೂ ಆಕೆ ಒಬ್ಬಳೇ ಹೋಗಬಹುದು. ಅವನನ್ನು ಸರಿಮಾಡಿ ಕರೆದುಕೊಂಡು ಬಾ ಎಂದು ಅಲ್ಲಿ ಯಾರೂ ಹೇಳುವುದಿಲ್ಲ.