ನೀರಿನೊಳಗಿನ ಗುಡಿ



ಬಸವನ ಬಾಗೇವಾಡಿ ಸೀಮೆಯಲ್ಲಿ ಗೊಳಸಂಗಿ ಎಂಬ ಊರಿದೆ. ಕರಿಯ ಎರೆಭೂಮಿ, ಜೋಳ, ತೊಗರಿ, ಬೇಸಿಗೆಯಲ್ಲಿ ಕಾಲು ಹೂತುಹೋಗುವಷ್ಟು ಬಿರುಕುಬಿಡುವ ನೆಲ. ಒಂದು ಕಡೆ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ. ಇನ್ನೊಂದು ಕಡೆ ನಿಡಗುಂದಿ, ಅದರಾಚೆ ಆಲಮಟ್ಟಿಯ ಅಣೆಕಟ್ಟು, ಕೃಷ್ಣೆಯ ಹಿನ್ನೀರು. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಅಲ್ಲಿ ಬಸ್ಸಿಗಾಗಿ ಕಾಯುತ್ತಾ ಕುಳಿತಿದ್ದೆ. ಪಕ್ಕದಲ್ಲಿ ವಯಸ್ಸಾದ ಒಬ್ಬ ತಾಯಿ ಬಂದು ಕುಳಿತರು. ನನ್ನ ನಿಲುವಂಗಿಯನ್ನೂ ಕೊರಳ ಶಿಲುಬೆಯನ್ನೂ ನೋಡಿ, "ಯೇಸಪ್ಪನ ಗುಡಿ ಸ್ವಾಮೇರೇನ್ರಿ?" ಎಂದು ಮಾತಿಗೆಳೆದರು. ಅವರದು ಕೃಷ್ಣೆಯ ದಂಡೆಯಲ್ಲಿದ್ದ ಊರು. ಊರು ಮುಳುಗಡೆಯಾದ ಮೇಲೆ ಪುನರ್ವಸತಿ ಕೇಂದ್ರದಲ್ಲಿ ಮನೆ. ಮಗಳನ್ನು ಗೊಳಸಂಗಿಗೆ ಕೊಟ್ಟಿದ್ದರಿಂದ ಅಲ್ಲಿಗೆ ಬಂದಿದ್ದರು.

ಮಳೆ, ಬೆಳೆ, ಮೊಮ್ಮಕ್ಕಳ ಮಾತೆಲ್ಲ ಮುಗಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ನಮ್ಮ ಹಳೇ ಊರಾಗ ದ್ಯಾಮವ್ವನ ಗುಡಿ ಇತ್ರಿ. ಮೂರ್ತಿ ತಂದು ಹೊಸಾ ಊರಾಗ ಇಟ್ಟಾರ. ಕಟ್ಟಿ, ಬೇವಿನ ಗಿಡ ಅಲ್ಲೇ ಉಳದ್ವು. ಅಪ್ಪಾರ, ದೇವಿ ಈಗ ಎಲ್ಲಿ ಅದಾಳ್ರಿ? ನೀರಾಗೋ, ಹೊಸಾ ಗುಡ್ಯಾಗೋ?"

ಗುರುಮಠದಲ್ಲಿ ದೈವಶಾಸ್ತ್ರ ಓದಿದವನ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ. "ದೇವರು ಎಲ್ಲ ಕಡೆಯೂ ಇದ್ದಾನೆ, ತಾಯಿ" ಎಂದೆ. ಆಕೆ ನನ್ನ ಮುಖವನ್ನೇ ನೋಡಿ, "ಎಲ್ಲಾ ಕಡೆ ಅದಾನ ಅಂದ್ರ ನೀವ್ಯಾಕ ಗುಡಿ ಕಟ್ಟೀರಿ, ಅಪ್ಪಾರ?" ಎಂದರು. ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ.

ದೇವರು ಸರ್ವವ್ಯಾಪಿ ಎಂಬುದು ಸತ್ಯ. ಚಿಕ್ಕ ಮಕ್ಕಳಿಗೂ ಧರ್ಮೋಪದೇಶದ ತರಗತಿಯಲ್ಲಿ ನಾವು ಕಲಿಸುವ ಮೊದಲ ಪಾಠಗಳಲ್ಲಿ ಅದೂ ಒಂದು. ಆದರೆ ಆ ಸತ್ಯವನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದೂ ನೀತಿಯ ಪ್ರಶ್ನೆಯೇ. ಮಗುವನ್ನು ಮಣ್ಣು ಮಾಡಿ ಬಂದ ತಾಯಿಗೆ, ಎಲ್ಲರೂ ಒಂದು ದಿನ ಸಾಯುವವರೇ ಎಂದು ಹೇಳಿದರೆ ಅದು ಸುಳ್ಳಲ್ಲ, ಆದರೆ ಕ್ರೂರ. ನನ್ನ ಗುಡಿ ನೆಟ್ಟಗೆ ನಿಂತಿದೆ, ಅದರ ಗಂಟೆ ದಿನಕ್ಕೆ ಮೂರು ಬಾರಿ ಬಾರಿಸುತ್ತದೆ, ಪ್ರಸಾದ ಪೆಟ್ಟಿಗೆಯ ಮುಂದೆ ನಂದಾದೀಪ ಉರಿಯುತ್ತದೆ. ಅಂಥ ನಾನು, ಗುಡಿಯನ್ನು ನೀರಿಗೆ ಒಪ್ಪಿಸಿ ಬಂದವಳಿಗೆ ಜಾಗದಲ್ಲೇನಿದೆ ಎಂಬರ್ಥದ ಮಾತಾಡಿದ್ದೆ.

ಆಲಮಟ್ಟಿಯ ಕಥೆ ನಮ್ಮಲ್ಲಿ ಹಲವರಿಗೆ ಗೊತ್ತು. 1964ರ ಮೇ ತಿಂಗಳಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದರು. 2006ರ ಆಗಸ್ಟಿನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಸಮರ್ಪಿಸಿದರು. ಈ ನಡುವಿನ ನಾಲ್ಕು ದಶಕಗಳಲ್ಲಿ ದಂಡೆಯ ಊರುಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಹಳೆಯ ಕೊಲ್ಹಾರ ನೀರಿಗೆ ಹೋಗಿ ಹೊಸ ಕೊಲ್ಹಾರ ಎದ್ದಿತು, ಬಾಗಲಕೋಟೆಯ ಜನರಿಗೆ ನವನಗರ ಬಂತು. ಆ ನೀರಿನಿಂದ ಎಷ್ಟೋ ಒಣಭೂಮಿ ಹಸಿರಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬರಗಾಲದಲ್ಲಿ ಗುಳೆ ಹೋದ ಕುಟುಂಬಗಳನ್ನು ನೋಡಿದವರು ಅಣೆಕಟ್ಟಿನ ವಿರುದ್ಧ ಸುಲಭವಾಗಿ ಮಾತಾಡಲಾರರು. ಆದರೆ ಭೂಸ್ವಾಧೀನದ ಕಡತದಲ್ಲಿ ಗೋಡೆಗೆ ಒಂದು ಬೆಲೆ, ಚಾವಣಿಗೆ ಒಂದು ಬೆಲೆ, ಬಾವಿಗೆ ಮತ್ತು ಮರಕ್ಕೆ ಬೇರೆ ಬೇರೆ ಬೆಲೆ. ಅಗಸಿಯ ಪಕ್ಕದ ಹಣಮಪ್ಪನ ಮುಂದೆ ಮದುವೆಯ ಮದುಮಕ್ಕಳು ಮೊದಲು ನಿಂತು ಕೈಮುಗಿಯುತ್ತಿದ್ದರಲ್ಲ, ಆ ಮುಗಿದ ಕೈಗಳಿಗೆ ಅಂಕಣವಿಲ್ಲ. ಮೊಹರಮ್ಮಿನಲ್ಲಿ ಪಂಜಾಗಳು ಹೊರಡುತ್ತಿದ್ದ ಓಣಿಗೂ ಇಲ್ಲ.

"ಇದೆಲ್ಲ ಅನ್ಯಧರ್ಮೀಯರ ವಿಷಯ, ಪಾದರಿಗಳಿಗೇಕೆ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲ್ಲವೂ ಒಂದೇ ಎಂದು ತೇಲಿಸಿಬಿಡುವವನು ನಾನಲ್ಲ. ಕ್ರಿಸ್ತನು ನನಗೆ ಹಲವು ದಾರಿಗಳಲ್ಲಿ ಒಂದು ದಾರಿಯಲ್ಲ. ಆದರೂ ಸಂತ ಪೌಲನು ಅಥೆನ್ಸ್ ನಗರದಲ್ಲಿ ನಡೆದುಕೊಂಡ ರೀತಿಯನ್ನು ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದಲ್ಲಿ ಒಮ್ಮೆ ನಿಧಾನವಾಗಿ ಓದಿ. ಬೀದಿಬೀದಿಯಲ್ಲೂ ವಿಗ್ರಹಗಳಿದ್ದ ಆ ನಗರವನ್ನು ಕಂಡು ಆತನ ಮನಸ್ಸು ಕುದಿಯಿತು. ಆದರೂ ಆತ ಅವರ ಪೂಜಾಸ್ಥಾನಗಳನ್ನೆಲ್ಲ ಸುತ್ತಾಡಿ ಗಮನವಿಟ್ಟು ನೋಡಿದ. ಅರಿಯದ ದೇವರಿಗೆ ಕಟ್ಟಿದ ಬಲಿಪೀಠವೊಂದನ್ನು ಕಂಡು ಅಲ್ಲಿಂದಲೇ ತನ್ನ ಮಾತನ್ನು ಆರಂಭಿಸಿದ. ಕುದಿದ ಮನಸ್ಸಿನವನೂ ನೋಡುವುದನ್ನು ಬಿಡಲಿಲ್ಲ. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳ ಕುರಿತಾದ ತನ್ನ ಘೋಷಣೆಯಲ್ಲಿ, ಆ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ತಿಳಿಸಿತು. ಆ ತಾಯಿಯ ಕಣ್ಣಲ್ಲಿದ್ದ ನೋವು ಪವಿತ್ರವಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ.

ಅಲ್ಲದೆ ಇದು ಅನ್ಯರ ವಿಷಯ ಮಾತ್ರವೂ ಅಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಅದು ಹಿನ್ನೀರಿನ ಪಾಲಾಯಿತು, ನಮ್ಮ ಜನ ಬೇರೆಡೆ ಹೋಗಿ ನೆಲೆಸಿದರು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಗೋಡೆಗಳ ಮೇಲ್ಭಾಗವಷ್ಟೇ ಕಾಣುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ಕಮಾನುಗಳು ಬಿಸಿಲಿಗೆ ಮೈಯೊಡ್ಡಿ ನಿಲ್ಲುತ್ತವೆ. ಈಗ ಅದು ಪ್ರೇಕ್ಷಣೀಯ ಸ್ಥಳ. ಮದುವೆಗೆ ಮುಂಚಿನ ಛಾಯಾಚಿತ್ರ ತೆಗೆಸಿಕೊಳ್ಳಲು ಜೋಡಿಗಳು ಬರುತ್ತಾರೆ, ಗೋಡೆಯ ಮೇಲೆ ಹೆಸರು ಗೀಚುವವರೂ ಬರುತ್ತಾರೆ. ನಾನು ಮೊದಲ ಸಲ ಹೋದಾಗ ಬಲಿಪೀಠವಿದ್ದಿರಬಹುದಾದ ಜಾಗದಲ್ಲಿ ಯುವಕರು ಕುಳಿತು ಚುರುಮುರಿ ತಿನ್ನುತ್ತಿದ್ದರು. ಅವರ ಮೇಲೆ ರೇಗಬೇಕೆನಿಸಿತು. ಯಾವ ಹಕ್ಕಿನಿಂದ ರೇಗಲಿ? ಅಲ್ಲಿ ಬಲಿಪೂಜೆ ನಿಂತು ದಶಕಗಳೇ ಕಳೆದಿದ್ದವು.

ಇಂಥ ಜಾಗಗಳ ಬಗ್ಗೆ ನಮ್ಮ ಧರ್ಮಸಭೆಯ ಕಾನೂನು ಏನು ಹೇಳುತ್ತದೆಂದು ಆಮೇಲೆ ತೆಗೆದು ನೋಡಿದೆ. 1983ರ ಕಾನೂನು ಸಂಹಿತೆಯ 1212ನೆಯ ವಿಧಿಯ ಪ್ರಕಾರ, ಪವಿತ್ರ ಸ್ಥಳವು ಬಹುಪಾಲು ನಾಶವಾದರೆ, ಇಲ್ಲವೇ ಶಾಶ್ವತವಾಗಿ ಲೌಕಿಕ ಬಳಕೆಗೆ ಹೋದರೆ, ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ. ಅಚ್ಚುಕಟ್ಟಾದ ಉತ್ತರ. ಆದರೆ 1238ನೆಯ ವಿಧಿಗೆ ಬಂದಾಗ ನಾನು ಪುಸ್ತಕದ ಮೇಲೆ ಬೆರಳಿಟ್ಟು ನಿಂತೆ. ದೇವಾಲಯವನ್ನು ಲೌಕಿಕ ಬಳಕೆಗೆ ಬಿಟ್ಟುಕೊಟ್ಟ ಮಾತ್ರಕ್ಕೆ ಅದರ ಬಲಿಪೀಠವು ಪ್ರತಿಷ್ಠೆಯನ್ನು ಕಳೆದುಕೊಳ್ಳುವುದಿಲ್ಲ ಎನ್ನುತ್ತದೆ ಅದು. ಕಟ್ಟಡ ಹೋಗಬಹುದು, ಪೀಠ ಉಳಿಯುತ್ತದೆ. ಎಷ್ಟು ನಿಷ್ಠುರವಾದ ಕಾನೂನಿಗೂ ಜಾಗದ ವಿಷಯದಲ್ಲಿ ಕೈ ನಡುಗುತ್ತದೆ ನೋಡಿ! ಹಿಂದೂ ಆಗಮ ಸಂಪ್ರದಾಯದಲ್ಲೂ ಮೂರ್ತಿಯನ್ನು ಸ್ಥಳಾಂತರಿಸುವ ಮೊದಲು ಅದರ ಶಕ್ತಿಯನ್ನು ಕಲಶಕ್ಕೆ ಆವಾಹಿಸುವ ಕಳಾಕರ್ಷಣೆಯೆಂಬ ವಿಧಿಯಿದೆ. ಅಂದರೆ ಆ ತಾಯಿಯ ಪ್ರಶ್ನೆ ಅಜ್ಞಾನದ ಪ್ರಶ್ನೆಯಲ್ಲ. ಶಾಸ್ತ್ರಿಗಳೂ ಕಾನೂನು ಪಂಡಿತರೂ ತಲೆಕೆಡಿಸಿಕೊಂಡಿರುವ ಪ್ರಶ್ನೆಯೇ ಅದು.

ಯೊವಾನ್ನನ ಶುಭಸಂದೇಶದ 4ನೆಯ ಅಧ್ಯಾಯದಲ್ಲಿ ಇನ್ನೊಬ್ಬ ಹೆಣ್ಣುಮಗಳು ಇದನ್ನೇ ಕೇಳುತ್ತಾಳೆ. ಸಮಾರಿಯದ ಆ ಸ್ತ್ರೀ ಬಾವಿಯ ಬಳಿ ಯೇಸುಸ್ವಾಮಿಯ ಮುಂದಿಟ್ಟ ಮಾತು, ತಮ್ಮ ಪೂರ್ವಜರು ಪೂಜಿಸಿದ ಬೆಟ್ಟ ಸರಿಯೋ, ಯೆಹೂದ್ಯರ ಯೆರೂಸಲೇಮು ಸರಿಯೋ ಎಂಬುದು. ಈ ಭಾಗದ ಮೇಲೆ ನಾನು ಹಲವು ವರ್ಷ ಪ್ರಬೋಧನೆ ಮಾಡಿದ್ದೇನೆ, ಆದರೆ ಒಂದು ಸಂಗತಿಗೆ ತಕ್ಕ ಬೆಲೆ ಕೊಟ್ಟಿರಲಿಲ್ಲ. ಗೆರಿಜೀಮ್ ಬೆಟ್ಟದ ಮೇಲಿದ್ದ ಸಮಾರಿಯರ ದೇವಾಲಯವನ್ನು ಯೆಹೂದ್ಯರ ಅರಸ ಯೊವಾನ್ನ ಹಿರ್ಕಾನನು ಕ್ರಿಸ್ತಪೂರ್ವ 2ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ನಾಶಮಾಡಿದ್ದನು. ಆಕೆ ಮಾತಾಡುವ ಹೊತ್ತಿಗೆ ಅದು ಹಾಳುಬಿದ್ದು ನೂರು ವರ್ಷ ಮೀರಿತ್ತು. ಹಾಗಾಗಿ ಅದು ಯಾವ ಗುಡಿ ದೊಡ್ಡದೆಂಬ ವಾದವಾಗಿರಲಿಲ್ಲ. ಕಳೆದುಕೊಂಡವಳೊಬ್ಬಳು, ಕೆಡವಿದವರ ಕುಲದಲ್ಲಿ ಹುಟ್ಟಿದ ಒಬ್ಬ ಯೆಹೂದ್ಯನ ಮುಂದೆ ನಿಂತು ಕೇಳಿದ ಪ್ರಶ್ನೆ ಅದು.

ಪ್ರಭು ಕೊಟ್ಟ ಉತ್ತರ ನಮಗೆ ಗೊತ್ತು. ಬೆಟ್ಟದಲ್ಲೂ ಅಲ್ಲ, ಯೆರೂಸಲೇಮಿನಲ್ಲೂ ಅಲ್ಲ. ಆತ್ಮದಲ್ಲಿ, ಸತ್ಯದಲ್ಲಿ ಆರಾಧಿಸುವ ಕಾಲ ಬರುತ್ತದೆ, ಬಂದೇ ಇದೆ. ನಾನು ಗೊಳಸಂಗಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ ಅಲ್ಲವೇ ಎಂದು ಮೊದಲು ಸಮಾಧಾನ ಮಾಡಿಕೊಂಡೆ. ಅಲ್ಲ. ಪ್ರಭು ಅವಳ ಬೆಟ್ಟದ ಜೊತೆ ತನ್ನ ಯೆರೂಸಲೇಮನ್ನೂ ತಕ್ಕಡಿಗೆ ಹಾಕಿದರು. ತನ್ನ ಜನರ ದೇವಾಲಯವೂ ಉಳಿಯುವುದಿಲ್ಲವೆಂದು ತಿಳಿದೇ ಮಾತಾಡಿದರು. ಆ ನಗರವನ್ನು ದೂರದಿಂದ ಕಂಡಾಗ ಅವರು ಅತ್ತದ್ದನ್ನು ಲೂಕನು ಬರೆದಿದ್ದಾನೆ. ಕ್ರಿಸ್ತಶಕ 70ರಲ್ಲಿ ರೋಮನ್ನರ ಕೈಯಲ್ಲಿ ಆ ದೇವಾಲಯವೂ ಬೆಂದುಹೋಯಿತು. ನಾನಾದರೋ ನನ್ನ ಗುಡಿಯನ್ನು ಭದ್ರವಾಗಿಟ್ಟುಕೊಂಡು ಆಕೆಯದನ್ನಷ್ಟೇ ತಕ್ಕಡಿಗೆ ಹಾಕಿದ್ದೆ.

ಇಲ್ಲಿ ಬಸವಣ್ಣನವರ ನೆನಪು ಬಾರದಿರದು. ಬಾಗೇವಾಡಿ ಅವರು ಹುಟ್ಟಿದ ನೆಲ. ಕಟ್ಟಿದ ಗುಡಿಗಿಂತ ಭಕ್ತನ ದೇಹವೇ ದೇಗುಲವೆಂದು, ಸ್ಥಾವರಕ್ಕಿಂತ ಜಂಗಮ ಹಿರಿದೆಂದು ಸಾರಿದವರು ಅವರು. (ಇಂದು ಆ ಸೀಮೆಯಲ್ಲಿ ಸ್ಥಾವರವೆಂದರೆ ಕೂಡಗಿಯದೇ ಮೊದಲು ಕಣ್ಣಿಗೆ ಬೀಳುತ್ತದೆ, ಅದಿರಲಿ.) ಅವರ ಐಕ್ಯಸ್ಥಳವಾದ ಕೂಡಲಸಂಗಮಕ್ಕೆ ನಾರಾಯಣಪುರದ ಬಸವಸಾಗರದ ಹಿನ್ನೀರು ಬಂದಾಗ ಐಕ್ಯಮಂಟಪ ಮುಳುಗದಂತೆ ಸುತ್ತಲೂ ಬಾವಿಯಂಥ ಗೋಡೆ ಕಟ್ಟಲಾಯಿತು. ಇಂದು ಭಕ್ತರು ಮೆಟ್ಟಿಲಿಳಿದು ದರ್ಶನ ಮಾಡುತ್ತಾರೆ. ಸ್ಥಾವರವನ್ನು ಪ್ರಶ್ನಿಸಿದವರ ಸಮಾಧಿಗೇ ಗೋಡೆಯೇ ಎಂದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಕಲ್ಲಿನ ಮೇಲೆ ಕಲ್ಲು ಉಳಿಯದೆಂದ ಪ್ರಭುವಿನ ಬರಿದಾದ ಸಮಾಧಿಯ ಮೇಲೆ ನಾವು ಎಷ್ಟು ಸಲ ದೇವಾಲಯ ಕಟ್ಟಿಲ್ಲ! ಪ್ರೀತಿಸಿದವರು ನಡೆದ ನೆಲವನ್ನು ನೀರಿಗೆ ಬಿಡಲು ಮನುಷ್ಯನಿಗೆ ಮನಸ್ಸಾಗುವುದಿಲ್ಲ, ಅಷ್ಟೆ. ನನ್ನನ್ನು ಕಾಡುವ ವಿಷಯ ಬೇರೆ. ಸಂಗಮದ ಸುತ್ತ ಗೋಡೆ ಎದ್ದಿತು, ಅದು ಸರಿಯೇ. ದಂಡೆಯ ಸಣ್ಣಸಣ್ಣ ಊರುಗಳ ದ್ಯಾಮವ್ವ, ದುರಗವ್ವ, ಹಣಮಪ್ಪ, ಪೀರಸಾಹೇಬರ ಗದ್ದುಗೆ, ಇವುಗಳ ಸುತ್ತ ಯಾರೂ ಗೋಡೆ ಕಟ್ಟಲಿಲ್ಲ. ಕಟ್ಟಲು ಸಾಧ್ಯವೂ ಇರಲಿಲ್ಲವೆನ್ನಿ. ಆದರೆ ಬಡವರ ದೇವರು ಬಡವರ ಜೊತೆಗೇ ಮುಳುಗುತ್ತಾನೆ.

ದೇವರು ಜಾಗಕ್ಕೆ ಕಟ್ಟುಬಿದ್ದವನಲ್ಲ ಎಂಬುದನ್ನು ಇಸ್ರಯೇಲರು ಕಲಿತದ್ದು ಯಾವ ಪಾಠಶಾಲೆಯಲ್ಲಿ? ಸೊಲೊಮೋನನು ದೇವಾಲಯವನ್ನು ಪ್ರತಿಷ್ಠೆ ಮಾಡಿದ ದಿನವೇ, ಆಕಾಶಗಳಿಗೂ ಹಿಡಿಸದ ನೀನು ಈ ಆಲಯಕ್ಕೆ ಹಿಡಿಸುವೆಯಾ ಎಂಬರ್ಥದಲ್ಲಿ ಪ್ರಾರ್ಥಿಸಿದ್ದನು. ಆಗ ಅದು ಬರಿಯ ಮಾತಾಗಿತ್ತು. ನಿಜವಾಗಿ ಕಲಿತದ್ದು ಬಾಬಿಲೋನಿನ ಸೆರೆಯಲ್ಲಿ. ಪ್ರವಾದಿ ಯೆಹೆಜ್ಕೇಲನು ಕೆಬಾರ್ ಕಾಲುವೆಯ ದಂಡೆಯ ಮೇಲೆ, ಊರುಗೆಟ್ಟವರ ನಡುವೆ, ದೇವರ ಮಹಿಮೆಯನ್ನು ಕಂಡನು. ಮುಂದೆ ಆ ಮಹಿಮೆ ಯೆರೂಸಲೇಮಿನ ಆಲಯವನ್ನು ಬಿಟ್ಟು ಪೂರ್ವಕ್ಕೆ ಹೊರಡುವುದನ್ನೂ ದರ್ಶನದಲ್ಲಿ ಕಂಡನು. ದೇವರು ಎಲ್ಲೆಡೆ ಇದ್ದಾನೆಂಬ ಸತ್ಯವನ್ನು ನಮಗೆ ಕೊಟ್ಟವರು ಜಾಗ ಕಳೆದುಕೊಂಡವರು. ಅದನ್ನು ನಾವು ಅವರಿಗೇ ಉಪದೇಶವಾಗಿ ತಿರುಗಿ ಕೊಡುತ್ತೇವೆ.

ಈ ತಪ್ಪು ನಮ್ಮ ಧರ್ಮಕೇಂದ್ರಗಳ ಒಳಗೂ ನಡೆಯುತ್ತದೆ. ಹಂಚಿನ ಹಳೆಯ ಗುಡಿ ಚಿಕ್ಕದಾಯಿತೆಂದು ಕೆಡವಿ ಕಾಂಕ್ರೀಟಿನ ಗುಡಿ ಕಟ್ಟುತ್ತೇವೆ, ಕಟ್ಟಬೇಕಾದದ್ದೂ ಹೌದು. ನಾನೂ ಒಂದನ್ನು ಕೆಡವಿಸಿದ್ದೇನೆ. ಅಂದು ಒಬ್ಬ ಹಿರಿಯರು ಬಂದು, ತಾವು ಮದುವೆಯ ದಿನ ಮೊಣಕಾಲೂರಿದ ಕಡೆಯ ನೆಲಹಾಸಿನ ಒಂದು ಕಲ್ಲು ಕೊಡಿ ಎಂದು ಕೇಳಿದರು. ಕಲ್ಲುಗಳ ಲೆಕ್ಕ ಗುತ್ತಿಗೆದಾರನ ಬಳಿ ಇದೆ ಎಂದುಬಿಟ್ಟೆ. ಅವರು ಮರುಮಾತಾಡದೆ ಹೋದರು. ಹೊಸ ಗುಡಿಯ ಪ್ರತಿಷ್ಠಾಪನೆಗೆ ಬಂದು ಕೊನೆಯ ಸಾಲಿನಲ್ಲಿ ನಿಂತಿದ್ದರು. ಅವರೀಗ ಇಲ್ಲ.

ಆಲಮಟ್ಟಿಯ ನೀರು ಇನ್ನೂ ಏರಲಿಕ್ಕಿದೆ. 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಅನುಮತಿ ನೀಡಿದೆ. ಅದು ಕಾರ್ಯಗತವಾದ ದಿನ ಇನ್ನಷ್ಟು ಊರುಗಳು ಹೊರಡಬೇಕು, ಇನ್ನಷ್ಟು ಕಟ್ಟೆಗಳು ಉಳಿಯಬೇಕು. ಆ ಕುಟುಂಬಗಳು ನಮ್ಮ ಧರ್ಮಕೇಂದ್ರಗಳ ಪಕ್ಕದ ಬಡಾವಣೆಗಳಿಗೇ ಬಂದು ನೆಲೆಸಬಹುದು, ನಮ್ಮ ಶಾಲೆಗಳಿಗೇ ಮಕ್ಕಳನ್ನು ಕಳಿಸಬಹುದು. ಬಾಗಿಲಿಗೆ ಬಂದ ಅವರ ಪ್ರಶ್ನೆಯನ್ನು ನೀವು ನನಗಿಂತ ತಾಳ್ಮೆಯಿಂದ ಕೇಳಿಸಿಕೊಳ್ಳಿ ಎಂದಷ್ಟೇ ಬೇಡುತ್ತೇನೆ.

ಗೊಳಸಂಗಿಯ ಆ ಮಧ್ಯಾಹ್ನ ನಾನು ಉತ್ತರವಿಲ್ಲದೆ ಕುಳಿತದ್ದನ್ನು ಕಂಡು ಆಕೆಗೇ ಕನಿಕರವಾಯಿತೇನೋ, ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟರು. ತಿನ್ನುತ್ತಾ ಶೆಟ್ಟಿಹಳ್ಳಿಯ ವಿಷಯ ಹೇಳಿದೆ. ನಮ್ಮದೂ ಒಂದು ಗುಡಿ ಹೀಗೆಯೇ ನೀರಿನಲ್ಲಿದೆ, ಮರಿಯಮ್ಮನ ಹೆಸರಿನದು ಎಂದೆ. ಆಕೆ ಇತ್ತ ತಿರುಗಿ ಕುಳಿತರು. ಮೊದಲ ಬಾರಿಗೆ ನಾವಿಬ್ಬರೂ ಒಂದೇ ಓಣಿಯವರಂತೆ ಕಂಡಿರಬೇಕು.

"ನೀರ ಇಳದಾಗ ಯಾರರೆ ಹೋಗಿ ದೀಪ ಹಚ್ಚತಾರೇನ್ರಿ ಅಲ್ಲಿ?" ಎಂದು ಕೇಳಿದರು.

ನಾನು ಅಲ್ಲಿಗೆ ಎರಡು ಸಲ ಹೋಗಿದ್ದೆ. ಎರಡು ಸಲವೂ ಜೇಬಿನಲ್ಲಿದ್ದದ್ದು ಕ್ಯಾಮೆರಾ.