ಮಾರ್ಚ್ 31ರ ಈಸ್ಟರ್

ಬ್ಯಾಂಕಿನಲ್ಲಿ ದುಡಿದವರಿಗೆ ಮಾರ್ಚ್ 31 ಎಂದರೆ ಏನೆಂದು ಹೇಳಬೇಕಾಗಿಲ್ಲ. ಆ ದಿನ ಮನೆಯಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ, ಊರಿಗೆ ಹೋಗುವುದಿಲ್ಲ, ಸಾಧ್ಯವಾದರೆ ಜ್ವರವನ್ನೂ ಎರಡು ದಿನ ಮುಂದೂಡುತ್ತೇವೆ. ನಾನು ಕೆಲಸಕ್ಕೆ ಸೇರಿದಾಗ ಬ್ಯಾಂಕುಗಳ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. 1989ರಿಂದ ಅದು ಮಾರ್ಚ್ 31 ಆಯಿತು. ನನ್ನಂಥ ಕ್ರೈಸ್ತ ನೌಕರರು ಆಗ, ಸದ್ಯ ಕ್ರಿಸ್ಮಸ್ ಉಳೀತಲ್ಲ ಅಂತ ಖುಷಿಪಟ್ಟೆವು. ಅದರ ಬದಲಿಗೆ ಈಸ್ಟರ್ ಕೈಬಿಡಬಹುದು ಎಂದು ನಮಗೆ ಹೊಳೆಯಲೇ ಇಲ್ಲ.

ಈಸ್ಟರ್ ಚಂದ್ರನನ್ನು ನೋಡಿಕೊಂಡು ಬರುವ ಹಬ್ಬ. ಚರ್ಚಿನ ಪಂಚಾಂಗದಂತೆ ಮಾರ್ಚ್ 21ಕ್ಕೆ ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಎಂದಾದರೂ ಬರಬಹುದು. ನನ್ನ ಸೇವಾವಧಿಯಲ್ಲಿ ಅದು ಮೂರು ಸಲ ಸರಿಯಾಗಿ ಮಾರ್ಚ್ 31ಕ್ಕೇ ಬಂತು: 1991, 2002, 2013. ನಾಲ್ಕನೆಯ ಸಲ 2024ರಲ್ಲಿ ಬಂದಾಗ ನಾನು ನಿವೃತ್ತನಾಗಿದ್ದೆ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ನನ್ನನ್ನು ಕಾಡಿದ ಒಂದು ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಮಕ್ಕಳಿಗೋಸ್ಕರ ಒಂದು ಸಂಪ್ರದಾಯವನ್ನು ನಾವೇ ಹುಟ್ಟುಹಾಕಬಹುದೇ? ಹಾಗೆ ಹುಟ್ಟಿಸಿದ್ದು ನಿಜವಾದ ಸಂಪ್ರದಾಯವೇ, ಇಲ್ಲ ಬರೀ ನಾಟಕವೇ?

ನನ್ನದು ಗದಗ ಪಕ್ಕದ ಬೆಟಗೇರಿ. ಬಾಸೆಲ್ ಮಿಷನ್ನಿನವರು 1841ರಲ್ಲಿ ಬಂದು ನೆಲೆಯೂರಿದ ಊರು. ನಮ್ಮ ಹಿರಿಯರು ನೇಕಾರರು. ನಾನು ಸಣ್ಣವನಿದ್ದಾಗ ಈಸ್ಟರ್ ಎಂದರೆ ಬೆಳಗಿನ ಜಾವ ನಾಲ್ಕಕ್ಕೆ ಏಳುವುದು. ಶುಭ ಶುಕ್ರವಾರದ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ದೇವಾಲಯದಲ್ಲಿ ಕೂತು, ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪ್ರಸಂಗ ಕೇಳಿ ದಣಿದಿರುತ್ತಿದ್ದೆವು. ಶನಿವಾರ ಗೋರಿಗಳಿಗೆ ಸುಣ್ಣ. ಭಾನುವಾರ ಕತ್ತಲಿರುವಾಗಲೇ ಕಂದೀಲು ಹಿಡಿದು ಸ್ಮಶಾನಕ್ಕೆ. ಅಜ್ಜನ ಗೋರಿಗೆ ನೀರು ಚಿಮುಕಿಸಿ ಹೂವಿಟ್ಟು, ಎಲ್ಲರೂ ಕೂಡಿ ಹಾಡುವಷ್ಟರಲ್ಲಿ ಮೂಡಣ ಕೆಂಪಾಗುತ್ತಿತ್ತು. ನಾನು ಹುಟ್ಟುವುದಕ್ಕೂ ಮುಂಚೆ ತೀರಿಕೊಂಡಿದ್ದ ಅಜ್ಜನನ್ನು ಅವ್ವ ಪರಿಚಯ ಮಾಡಿಕೊಟ್ಟದ್ದು ಅಲ್ಲಿಯೇ. "ಅಜ್ಜ ಇಲ್ಲೇ ಮಲಗ್ಯಾನ, ಎದ್ದು ಬರ್ತಾನ" ಅನ್ನುತ್ತಿದ್ದಳು. ಮನೆಗೆ ಬಂದರೆ ಗೋಧಿ ಹುಗ್ಗಿ. ಇದೆಲ್ಲದರ ಅರ್ಥವೇನು ಎಂದು ನಾವು ಕೇಳಲಿಲ್ಲ, ದೊಡ್ಡವರು ಹೇಳಲೂ ಇಲ್ಲ.

1987ರಲ್ಲಿ ಪುಣೆಗೆ ವರ್ಗವಾಯಿತು. ಹೆಂಡತಿ, ಎರಡು ವರ್ಷದ ಮಗ, ಹೊಟ್ಟೆಯಲ್ಲಿ ಮಗಳು. ಹತ್ತಿರದ ಚರ್ಚಿನಲ್ಲಿ ಆರಾಧನೆ ಮರಾಠಿಯಲ್ಲಿ. ನಮ್ಮ ಶುಭ ಶುಕ್ರವಾರ ಅಲ್ಲಿ ಉತ್ತಮ ಶುಕ್ರವಾರ. ಜನ ಒಳ್ಳೆಯವರು, ನಮ್ಮನ್ನು ಬೇಗ ತಮ್ಮವರನ್ನಾಗಿ ಮಾಡಿಕೊಂಡರು. ಆದರೆ ಈಸ್ಟರ್ ದಿನ ಬೆಳಗಿನ ಆರಾಧನೆ ಮುಗಿಸಿ ಅವರೆಲ್ಲ ತಮ್ಮ ತಮ್ಮವರ ಗೋರಿಗಳ ಕಡೆ ಹೊರಟಾಗ ನಾವು ಗೇಟಿನ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದೆವು. ಪರಊರು ಎಂದರೇನು ಎಂದು ನನಗೆ ತಿಳಿದದ್ದು ಆ ಗೇಟಿನಲ್ಲಿ. ಭಾಷೆ ಕಲಿಯಬಹುದು, ರೇಶನ್ ಕಾರ್ಡು ಮಾಡಿಸಬಹುದು. ನಮ್ಮವರು ಯಾರೂ ಮಣ್ಣಾಗದ ಊರು ಪರಊರೇ.

ನನ್ನ ಮಕ್ಕಳಿಗಂತೂ ಈಸ್ಟರ್ ಎಂದರೆ ಕ್ಯಾಂಪಿನ ಬೇಕರಿಗಳಲ್ಲಿ ಆ ವಾರ ಮಾರುವ ಬಣ್ಣದ ಮಾರ್ಜಿಪಾನ್ ಮೊಟ್ಟೆ. ನನಗೆ ಅದು ಸರಿಬರುತ್ತಿರಲಿಲ್ಲ. ಮಕ್ಕಳಿಗೆ ಏನಾದರೂ ಅರ್ಥಪೂರ್ಣವಾದದ್ದನ್ನು ಮಾಡೋಣ ಎಂದು ಹೆಂಡತಿಗೆ ಹೇಳಿದರೆ, "ಅರ್ಥ ಏನು ಅಂಗಡ್ಯಾಗ ತೂಕಕ್ಕ ಸಿಗ್ತದೇನ್ರಿ?" ಎಂದು ನಕ್ಕುಬಿಟ್ಟಿದ್ದಳು.

1991ರಲ್ಲಿ ಬೆಟಗೇರಿಗೇ ಕರೆದುಕೊಂಡು ಹೋಗುತ್ತೇನೆ ಎಂದು ಮಕ್ಕಳಿಗೆ ಮಾತು ಕೊಟ್ಟೆ. ರಜೆ ಸಿಗಲಿಲ್ಲ. ಹಾಗಾದರೆ ಭಾನುವಾರ ಬೆಳಗಿನ ಜಾವವಾದರೂ ಮನೆಯಲ್ಲಿರುತ್ತೇನೆ ಎಂದೆ. ಶನಿವಾರ ರಾತ್ರಿ ಉಳಿತಾಯ ಖಾತೆಯ ಲೆಡ್ಜರಿನಲ್ಲಿ 270 ರೂಪಾಯಿ ತಾಳೆಯಾಗಲಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಎಂಬುದು ನಮ್ಮ ಹಳೆಯ ಸೂತ್ರ. ಕಂಪ್ಯೂಟರ್ ಇಲ್ಲದ ಕಾಲ, ಒಂದೊಂದೇ ಹಾಳೆ ತಿರುವಿ ನೋಡಬೇಕು. ಯಾರೋ 360 ಅನ್ನು 630 ಎಂದು ಬರೆದದ್ದು ಸಿಕ್ಕಾಗ ಬೆಳಿಗ್ಗೆ ಏಳು. ಉಳಿದ ಕೆಲಸ ಮುಗಿಸಿ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು.

ಮಕ್ಕಳು ಮುನಿಸಿಕೊಂಡಿರುತ್ತಾರೆ ಅಂದುಕೊಂಡರೆ ಇಬ್ಬರೂ ಉತ್ಸಾಹದಲ್ಲಿದ್ದರು. ಅವರವ್ವ ಕತ್ತಲಲ್ಲೇ ಎಬ್ಬಿಸಿ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದಳು. ಅಲ್ಲಿ ಒಂದು ಮೂಲೆಯ ಬೇವಿನ ಮರದ ಕೆಳಗೆ, ಅಕ್ಷರ ಅಳಿಸಿಹೋದ ಒಂದು ಹಳೆಯ ಗೋರಿ. ಯಾರೂ ಬಂದ ಗುರುತಿಲ್ಲ. ಮಗ ಡಬ್ಬಿಯಲ್ಲಿ ನೀರು ತಂದನಂತೆ, ಮಗಳು ಒಣಗಿದ ಎಲೆ ಆರಿಸಿದಳಂತೆ, ಮೂವರೂ ಸೇರಿ ತೊಳೆದು ಹೂವಿಟ್ಟು ಕನ್ನಡದಲ್ಲಿ ಒಂದು ಕೀರ್ತನೆ ಹಾಡಿ ಬಂದರಂತೆ. ನಿದ್ದೆಗೆಟ್ಟಿದ್ದ ನಾನು ರೇಗಿದೆ. ಗುರುತು ಪರಿಚಯ ಇಲ್ಲದವರ ಗೋರಿಗೆ ಹೂವು ಇಡೋದಂದರೆ ಇದೇನು ಆಟ ಎಂದೆ. ಆಕೆ ಊಟಕ್ಕೆ ಬಡಿಸುತ್ತಲೇ ಹೇಳಿದಳು: "ಅವರಿಗೆ ಇಲ್ಲಿ ತಮ್ಮವರಿಲ್ಲ, ನಮಗ ಇಲ್ಲಿ ನಮ್ಮವರಿಲ್ಲ. ನಿಮ್ಮ ಲೆಕ್ಕ ತಾಳೆ ಆತಲ್ರಿ."

ನನಗೆ ಸಮಾಧಾನವಾಗಲಿಲ್ಲ. ಊರಿನದು ನಿಜ, ಇದು ಅದರ ನಕಲು ಅನ್ನಿಸಿತು. ಮರುವರ್ಷ ಈಸ್ಟರ್ ಏಪ್ರಿಲ್ 19ಕ್ಕೆ ಇತ್ತು. ಶುಕ್ರವಾರ ಸಂಜೆ ಮಗ ತಾನಾಗಿಯೇ ಬಂದು ಕೇಳಿದ: "ಅಪ್ಪಾ, ಈ ಸಲ ಆ ಗೋರಿಗೆ ನೀರು ಯಾರು ಹಾಕೋರು?" ಬ್ಯಾಂಕಿನವನ ಕಿವಿಗೆ ಅದು ಬೇರೆಯೇ ಕೇಳಿಸಿತು. ಮೊದಲ ವರ್ಷ ಕೊಟ್ಟದ್ದು ಕಾಣಿಕೆ. ಎರಡನೆಯ ವರ್ಷ ಅದು ಬಾಕಿ. ಯಾರೂ ನಮ್ಮಿಂದ ಸಹಿ ಮಾಡಿಸಿಕೊಂಡಿರಲಿಲ್ಲ, ಆದರೂ ಸಾಲ ನಮ್ಮ ಹೆಸರಿಗೆ ಬಿದ್ದಿತ್ತು. ಆ ವರ್ಷ ನಾಲ್ವರೂ ಹೋದೆವು.

ಆಮೇಲೆ ಬಿಡುವು ಸಿಕ್ಕಾಗ ಈ ಹಬ್ಬದ ಚರಿತ್ರೆಯನ್ನು ಅಷ್ಟಿಷ್ಟು ಓದಿಕೊಂಡೆ. ನಾನು ಅನಾದಿಕಾಲದ್ದೆಂದು ತಿಳಿದಿದ್ದ ಸೂರ್ಯೋದಯದ ಆರಾಧನೆಗೂ ಒಂದು ಮೊದಲ ಬೆಳಗು ಇತ್ತು. 1732ರಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ ಮೊರೇವಿಯನ್ ಪಂಗಡದ ಕೆಲವು ಯುವಕರು ಈಸ್ಟರ್ ದಿನ ನಸುಕಿನಲ್ಲೇ ಸ್ಮಶಾನದ ಗುಡ್ಡ ಹತ್ತಿ ಹಾಡಿದರು. ಅದು ಅಲ್ಲಿಂದ ಹಬ್ಬಿತು. ಆ ಹುಡುಗರ ಅಪ್ಪಂದಿರಲ್ಲಿ ಯಾರಾದರೂ ನನ್ನಂತೆಯೇ ಇದೇನು ಆಟ ಎಂದು ರೇಗಿದ್ದರೆ ಆಶ್ಚರ್ಯವಿಲ್ಲ. ನಾನು ಹಳಿಯುತ್ತಿದ್ದ ಮೊಟ್ಟೆ ಅದಕ್ಕಿಂತ ಎಷ್ಟೋ ಹಳೆಯದು. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ ಹಿಂದೆ ಯುರೋಪಿನಲ್ಲಿ ಮೊಟ್ಟೆಯೂ ನಿಷಿದ್ಧ. ಕೋಳಿಗೆ ಉಪವಾಸ ಗೊತ್ತೇ? ಕೂಡಿಬಿದ್ದ ಮೊಟ್ಟೆಗಳನ್ನು ಹಬ್ಬದ ದಿನ ಬಣ್ಣ ಹಾಕಿ ಹಂಚುತ್ತಿದ್ದರು. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆಯ 1290ರ ಅರಮನೆ ಲೆಕ್ಕದಲ್ಲಿ 450 ಮೊಟ್ಟೆಗೆ 18 ಪೆನ್ಸ್ ಖರ್ಚು ಬರೆದಿದೆ. ಲೆಕ್ಕದ ಪುಸ್ತಕದಲ್ಲೇ ಸಾಕ್ಷಿ ಸಿಕ್ಕ ಮೇಲೆ ನಾನು ಸುಮ್ಮನಾಗಬೇಕಾಯಿತು.

ಹಾಗಾದರೆ ಹಳೆಯದು ಎಂಬ ಕಾರಣಕ್ಕೆ ಯಾವುದೂ ನಿಜವಾಗುವುದಿಲ್ಲ, ಹೊಸದು ಎಂಬ ಕಾರಣಕ್ಕೆ ಸುಳ್ಳಾಗುವುದೂ ಇಲ್ಲ. ಮತ್ತೆ ಅರ್ಥ ಎಲ್ಲಿಂದ ಬರುತ್ತದೆ? ನನಗೆ ಉತ್ತರದ ಸುಳಿವು ಸಿಕ್ಕಿದ್ದು ಸುವಾರ್ತೆಯ ಕಥೆಯಲ್ಲೇ. ಆ ಭಾನುವಾರ ಬೆಳಿಗ್ಗೆ ಸಮಾಧಿಗೆ ಹೋದ ಹೆಂಗಸರು ಹಬ್ಬ ಮಾಡಲು ಹೋದವರಲ್ಲ. ಯಾವ ಪವಾಡದ ನಿರೀಕ್ಷೆಯೂ ಅವರಿಗಿರಲಿಲ್ಲ. ಸತ್ತವರ ದೇಹಕ್ಕೆ ಸುಗಂಧದ್ರವ್ಯ ಹಚ್ಚುವುದು ಅವರ ಪದ್ಧತಿ, ಅದಕ್ಕೆ ಹೊರಟಿದ್ದರು. ಬಾಗಿಲಿನ ಕಲ್ಲು ಸರಿಸುವವರು ಯಾರು ಎಂಬ ಚಿಂತೆ ದಾರಿಯುದ್ದಕ್ಕೂ. ಉತ್ತರವಿಲ್ಲದಿದ್ದರೂ ನಡೆದರು. ಶಿಷ್ಯರು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದರೆ, ಕೆಲಸ ಮುಗಿಸೋಣ ಎಂದು ಹೊರಟವರಿಗೆ ಅರ್ಥ ಎದುರಾಯಿತು.

ನಾವು ಓದಿದವರು ಇದನ್ನು ತಿರುಗಾಮುರುಗಾ ಮಾಡಿಕೊಂಡಿದ್ದೇವೆ. ಮೊದಲು ಅರ್ಥ ಬೇಕು, ಆಮೇಲೆ ಆಚರಣೆ. ಅರ್ಥವನ್ನು ನಾವು ತಯಾರಿಸಿ ಮಕ್ಕಳ ಬಾಯಿಗೆ ಹಾಕಲಾಗುವುದಿಲ್ಲ. ಹೋಗಿ ನಿಲ್ಲುವುದಷ್ಟೇ ನಮ್ಮ ಕೈಯಲ್ಲಿರುವುದು.

ಹಾಗಂತ ಕಣ್ಣುಮುಚ್ಚಿ ಮಾಡಿದ್ದೆಲ್ಲ ಸರಿಯೇ ಎಂದು ನೀವು ಕೇಳಬಹುದು. ಸರಿಯಲ್ಲ. ನಾನು ಎರಡು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಒಂದು, ಆ ಆಚರಣೆ ಹಿರಿಯರಿಗೂ ಏನಾದರೂ ಕಷ್ಟ ಕೊಡುತ್ತದೆಯೇ? ಮಕ್ಕಳಿಗೆಂದು ಮಾತ್ರ ಏರ್ಪಡಿಸಿ ದೊಡ್ಡವರು ಫೋಟೋ ತೆಗೆಯುತ್ತ ನಿಂತರೆ ಅದು ತಮಾಷೆ ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಎರಡು, ಮಗು ಅದರೊಳಗೆ ನಿಂತು ಕಷ್ಟದ ಪ್ರಶ್ನೆ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆಯೇ? ಯುಗಾದಿಯ ದಿನ ನೀವು ಮಗುವಿಗೆ ಬರೀ ಬೆಲ್ಲ ಕೊಡುವುದಿಲ್ಲ, ಬೇವನ್ನೂ ಕೊಡುತ್ತೀರಿ. ಶುಕ್ರವಾರವನ್ನು ಬಚ್ಚಿಟ್ಟು ಭಾನುವಾರವನ್ನಷ್ಟೇ ಕೊಟ್ಟರೆ ಅದು ಬೇವಿಲ್ಲದ ಬೆಲ್ಲ.

ಈ ಎರಡನೆಯ ಪರೀಕ್ಷೆಯಲ್ಲಿ ನಾನೇ ಫೇಲಾಗುವ ದಿನ ಬಂತು. 2022ರಲ್ಲಿ ಹೆಂಡತಿ ತೀರಿಕೊಂಡಳು. ಬೆಟಗೇರಿಗೆ ಒಯ್ಯುವುದೇ ಎಂದು ಮಗ ಕೇಳಿದಾಗ ಬೇಡವೆಂದೆ. ಆ ಬೇವಿನ ಮರದಿಂದ ಸ್ವಲ್ಪ ದೂರದಲ್ಲೇ ಜಾಗ ಸಿಕ್ಕಿತು. ಪುಣೆ ನನ್ನ ಊರಾಯಿತು. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಅಜ್ಜಿ ಎಲ್ಲಿ ಎಂದು ತಿಂಗಳುಗಟ್ಟಲೆ ಕೇಳಿ ಕೇಳಿ ಒಂದು ದಿನ ಕೇಳುವುದನ್ನೇ ನಿಲ್ಲಿಸಿತು. ಮುಂದಿನ ಈಸ್ಟರಿಗೆ ಆಕೆಯನ್ನು ಕರೆದೊಯ್ಯಲು ಸೊಸೆ ಒಪ್ಪಲಿಲ್ಲ.

ಸೊಸೆ ಮರಾಠಿ ಮನೆತನದವಳು, ಅವಳೂ ಬ್ಯಾಂಕ್ ಅಧಿಕಾರಿ. 2024ರಲ್ಲಿ ಮಗುವೇ ನಾನೂ ಬರುತ್ತೇನೆ ಎಂದು ಹಟ ಹಿಡಿದಾಗ ಅವಳು ನನ್ನೊಬ್ಬನನ್ನೇ ಕೂರಿಸಿ ಹೇಳಿದಳು: "ಪಪ್ಪಾ, ಕರ್ಕೊಂಡು ಹೋಗಿ. ಆದರೆ ಅಜ್ಜಿ ಮಲಗಿದಾಳೆ ಅಂತ ಮಾತ್ರ ಹೇಳಬೇಡಿ. ಆಮೇಲೆ ಇವಳು ರಾತ್ರಿ ಮಲಗೋಕೇ ಹೆದರ್ತಾಳೆ." ನನ್ನ ಅವ್ವನ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಇಂಗ್ಲಿಷಿನ ಸೆಮೆಟರಿ ಎಂಬ ಮಾತಿಗೆ ಮೂಲವಾದ ಗ್ರೀಕ್ ಪದದ ಅರ್ಥವೇ ಮಲಗುವ ಜಾಗ. ಎರಡು ಸಾವಿರ ವರ್ಷದ ಸಮಾಧಾನದ ಮಾತು ಅದು. ಆದರೂ ಸೊಸೆ ಹೇಳಿದ್ದು ಸರಿಯಿತ್ತು. ಅವ್ವ ನನಗೆ ತೋರಿಸಿದ್ದು ನಾನು ಕಾಣದ ಅಜ್ಜನನ್ನು. ಈ ಮಗು ಕಳೆದುಕೊಂಡದ್ದು ದಿನವೂ ತುತ್ತು ಕೊಟ್ಟ ಕೈಯನ್ನು.

ಆ ಮಾರ್ಚ್ 31 ಭಾನುವಾರವಾದರೂ ಸರಕಾರಿ ವ್ಯವಹಾರ ನಡೆಸುವ ಶಾಖೆಗಳು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಸೊಸೆ ಸ್ಮಶಾನದಿಂದಲೇ ನೇರ ಆಫೀಸಿಗೆ ಹೋಗುವವಳಾಗಿ ಐಡಿ ಕಾರ್ಡು ಕೊರಳಿಗೆ ಹಾಕಿಕೊಂಡೇ ಬಂದಿದ್ದಳು. ಮಗು ಡಬ್ಬಿಯಲ್ಲಿ ನೀರು ತಂದು ಮೊದಲು ಹೆಸರಿಲ್ಲದ ಗೋರಿಗೆ, ಆಮೇಲೆ ಅಜ್ಜಿಯದಕ್ಕೆ ಹಾಕಿತು. ನಂತರ ನನ್ನ ಕೈ ಜಗ್ಗಿ ಕೇಳಿತು: "ಅಜ್ಜಾ, ಅಜ್ಜಿ ಯಾವಾಗ ಏಳ್ತಾಳೆ?"

ಸೊಸೆ ನನ್ನನ್ನೇ ನೋಡುತ್ತಿದ್ದಳು. ಜೀವಮಾನವಿಡೀ ವಿಶ್ವಾಸದ ಪ್ರಮಾಣ ಹೇಳಿದ್ದೇನೆ, ಸತ್ತವರ ಪುನರುತ್ಥಾನವನ್ನು ನಂಬುತ್ತೇನೆ ಎಂದು. ದೇವಾಲಯದ ಗುಂಪಿನಲ್ಲಿ ಅದನ್ನು ಹೇಳುವುದು ಸುಲಭ. ಆರು ವರ್ಷದ ಮಗುವಿಗೆ, ಅದೇ ಮಣ್ಣಿನ ಮುಂದೆ ನಿಂತು, ತಾರೀಕು ಕೇಳಿದವರಿಗೆ ಹೇಳುವುದು ಬೇರೆ. "ಯಾವಾಗ ಅಂತ ನನಗ ಗೊತ್ತಿಲ್ಲವ್ವಾ. ಏಳ್ತಾಳ ಅಂತ ನಂಬೀನಿ. ನಾನೂ ಕಾಯಾಕತ್ತೀನಿ" ಎಂದೆ. ಧ್ವನಿ ಸ್ವಲ್ಪ ಒಡೆಯಿತು. ಮಗು ನನ್ನ ಮುಖ ನೋಡಿ, "ಸರಿ" ಎಂದು ಡಬ್ಬಿಯಲ್ಲಿ ಉಳಿದ ನೀರನ್ನು ಬೇವಿನ ಮರದ ಬುಡಕ್ಕೆ ಸುರಿಯಿತು. ಆ ರಾತ್ರಿ ಅದು ಹೆದರದೆ ಮಲಗಿತು ಎಂದು ಸೊಸೆ ಮರುದಿನ ಹೇಳಿದಳು.

ಮಧ್ಯಾಹ್ನ ಮೊಟ್ಟೆ ಹುಡುಕುವ ಆಟವೂ ಆಯಿತು. ಈರುಳ್ಳಿ ಸಿಪ್ಪೆ ಹಾಕಿ ಕುದಿಸಿ ಕೆಂಪು ಮಾಡಿದ ಹನ್ನೆರಡು ಮೊಟ್ಟೆಗಳನ್ನು ಸೊಸೆಯ ಅಪ್ಪಣೆಯಂತೆ ನಾನೇ ಸೊಸೈಟಿಯ ತೋಟದಲ್ಲಿ ಬಚ್ಚಿಟ್ಟೆ. ಹನ್ನೊಂದು ಸಿಕ್ಕವು. ಇನ್ನೊಂದನ್ನು ಎಲ್ಲಿಟ್ಟೆನೆಂದು ನನಗೇ ನೆನಪಾಗಲಿಲ್ಲ. ಬ್ಯಾಂಕಿನವನ ಲೆಕ್ಕ ಮತ್ತೆ ತಪ್ಪಿತು. ಮೂರು ದಿನದ ಮೇಲೆ ವಾಸನೆ ಹಿಡಿದು ಮಾಲಿ ಅದನ್ನು ಪತ್ತೆಮಾಡಿದ.

2025ರಲ್ಲಿ ಈಸ್ಟರ್ ಏಪ್ರಿಲ್ 20ಕ್ಕೆ ಬಂತು. ನಾನು ಯಾರಿಗೂ ಏನೂ ನೆನಪಿಸಲಿಲ್ಲ. ಬೇಕೆಂದೇ ಸುಮ್ಮನಿದ್ದೆ. ಶುಕ್ರವಾರ ಸಂಜೆ ಚರ್ಚಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಮೊಮ್ಮಗಳು ಕೇಳಿದಳು: "ಅಜ್ಜಾ, ನೀರಿನ ಡಬ್ಬಿ ಎಲ್ಲಿಟ್ಟಿದೀಯ?"

ಅಟ್ಟದ ಮೇಲಿತ್ತು. ಇಳಿಸಿಕೊಟ್ಟೆ.